ಲಾಬಿ ಕಂಪನಿ ಹಿಡ್ಕೊಂಡು ವಾಷಿಂಗ್ಟನ್ ಬಾಗಿಲು ತಟ್ಟಿದ್ದು

ಮರಳು ಲಾಬಿ, ಗಣಿ ಲಾಬಿ, ಸಕ್ಕರೆ ಲಾಬಿ, ವರ್ಗಾವಣೆ ಲಾಬಿ ಅಂತ ಪೇಪರ್‌ನಲ್ಲಿ ಓದ್ಕೊಂಡೇ ಬೆಳೆದವ್ರು ನಾವು, ನಮ್ಮ ಕಡೆ ಲಾಬಿ ಅಂದ್ರೆ ಬೈಗುಳ. ಅಂಥದ್ರಲ್ಲಿ ನಾನೇ ಒಂದು ಲಾಬಿ ಕಂಪನಿಗೆ, ಅಂದ್ರೆ ದುಡ್ಡು ತಗೊಂಡು ನಮ್ಮ ಪರವಾಗಿ ಕಾನೂನು ಮಾಡೋವ್ರ ಹತ್ರ ಮಾತಾಡೋ ಕಂಪನಿಗೆ, ದುಡ್ಡು ಕೊಡೋ ಗುಂಪಿಗೆ ಸೇರ್ಕೊಂಡು ವಾಷಿಂಗ್ಟನ್ ಡಿಸಿಯಲ್ಲಿ ಆಫೀಸಿಂದ ಆಫೀಸಿಗೆ ಅಲೀತೀನಿ ಅಂತ ಯಾವತ್ತೂ ಅಂದ್ಕೊಂಡಿರ್ಲಿಲ್ಲ. 2018ರ ಕೊನೆಯಿಂದ 2021ರ ಜನವರಿ ತನಕ ನಡೆದದ್ದು ಇದು. ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ಇರೋ ಅನುಮತಿ) ಕ್ಯೂನಲ್ಲಿ ನಿಂತಿರೋ ನಮ್ಮವ್ರು ಈಗ್ಲೂ ಸಿಕ್ಕಾಗೆಲ್ಲ "ಒಂದೊಳ್ಳೆ ಲಾಬಿಯಿಸ್ಟ್ ಹಿಡಿದ್ರೆ ಕೆಲಸ ಆಗುತ್ತಾ ಸರ್" ಅಂತ ಕೇಳ್ತಾರೆ, ಫೋನಲ್ಲಿ ಅರ್ಧಂಬರ್ಧ ಹೇಳೋಕಿಂತ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದ್ಲು ನಮ್ಮ ಕಷ್ಟ ಏನು ಅಂತ ಹೇಳ್ಬೇಕು. ನಾನು ಹಾಸನದ ಕಡೆಯವ್ನು, ನಾರ್ತ್ ಕೆರೊಲಿನಾದಲ್ಲಿದೀನಿ, 2012ರ ಪ್ರಯಾರಿಟಿ ಡೇಟ್, ಅಂದ್ರೆ ಕ್ಯೂನಲ್ಲಿ ನಮ್ಮ ಜಾಗ ಗೊತ್ತುಮಾಡೋ ತಾರೀಖು. ಕೆಲಸದ ಮೇಲೆ ಕೊಡೋ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಅದ್ರಲ್ಲಿ ಒಂದು ದೇಶದಲ್ಲಿ ಹುಟ್ಟಿದವ್ರಿಗೆ ಹೆಚ್ಚು ಅಂದ್ರೆ 7 ಪರ್ಸೆಂಟ್ ಅಂತ ಕಾನೂನು. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡಲ್ಲ, ಎಲ್ಲಿ ಹುಟ್ಟಿದ್ದು ಅಂತ ನೋಡ್ತಾರೆ. ನಮ್ಮ ಪಕ್ಕದ ಮನೆ ಮಂಗಳೂರಿನವ್ರು ಹುಟ್ಟಿದ್ದು ಮಸ್ಕತ್‌ನಲ್ಲಿ, ಅವ್ರಪ್ಪ ಅಲ್ಲಿ ಕೆಲಸದಲ್ಲಿದ್ರಂತೆ, ಅವ್ರಿಗೆ ಎರಡು ವರ್ಷದೊಳಗೆ ಕಾರ್ಡ್ ಬಂತು. ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ನಾನು 2019ರ ಶುರುವಲ್ಲಿ ನೋಡಿದ್ರೆ ಇಬಿ-2 ಅನ್ನೋ ನಮ್ಮ ವರ್ಗದ ಲೈನು 2009ರ ಏಪ್ರಿಲ್ ಹತ್ರ ನಿಂತಿತ್ತು, ಅಂದ್ರೆ ಅದಕ್ಕಿಂತ ಹಿಂದಿನ ತಾರೀಖಿನವ್ರಿಗೆ ಮಾತ್ರ ಕಾರ್ಡ್. ಮೂರೂವರೆ ವರ್ಷ ತಾನೇ ಅನ್ಸುತ್ತೆ ಕೇಳೋಕೆ, ಆದ್ರೆ ಆ ಲೈನು ಒಂದು ವರ್ಷಕ್ಕೆ ನಾಲ್ಕೈದು ತಿಂಗಳು ಮುಂದೆ ಹೋದ್ರೆ ಪುಣ್ಯ. ನಾನಾದ್ರೆ ಕಾಯ್ತೀನಿ ಬಿಡಿ, ಮಕ್ಕಳದ್ದು ಕಥೆ ಬೇರೆ. 21 ತುಂಬಿದ ಮೇಲೆ ಅಪ್ಪ ಅಮ್ಮನ ಅರ್ಜಿಯಿಂದ ಮಗು ಹೊರಗೆ, ಎರಡು ವರ್ಷದ ಕೂಸಾಗಿದ್ದಾಗ ಬಂದಿದ್ರೂ ಅಷ್ಟೇ.

2018ರ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಾಗ ಈ ಮಾತು ಎದ್ದಿದ್ದು. ನಮ್ಮಲ್ಲಿ ಧಾರವಾಡದ ಒಬ್ರು ಹಿರಿಯರಿದಾರೆ, ನಾವೆಲ್ಲ ಅಣ್ಣಾರ್ ಅಂತೀವಿ, ಅವ್ರಿಗೆ ಸಿಟಿಜನ್‌ಶಿಪ್ ಆಗಿ ಎಷ್ಟೋ ವರ್ಷ ಆಗಿದೆ, ಅವ್ರಿಗೆ ಇದ್ರಿಂದ ಆಗ್ಬೇಕಾದ್ದು ಏನೂ ಇಲ್ಲ. ಆದ್ರೂ ಅವ್ರೇ "ಬರೇ ಅಳ್ಕೋತ ಕುಂತ್ರ ಏನಾಗತೈತ್ರಿ, ಇಲ್ಲೆ ಎಲ್ಲಾರೂ ಹೆಂಗ ಕೇಳ್ತಾರೋ ಹಂಗ ಕೇಳೂಣು" ಅಂದ್ರು. ಕನ್ನಡ ಕೂಟದ ಅಕೌಂಟಿಂದಲೇ ದುಡ್ಡು ತೆಗೀಬೋದಾ ಅಂತ ಯಾರೋ ಕೇಳಿದ್ರು, ನಮ್ಮ ಖಜಾಂಚಿ ಮೇಡಂ ತಕ್ಷಣ ಆಗಲ್ಲ ಅಂದ್ರು. ಅವ್ರು ಹೇಳಿದ್ದು ಸರಿ. ಕೂಟ, ದೇವಸ್ಥಾನ ಇವೆಲ್ಲ ಟ್ಯಾಕ್ಸ್ ಕಾನೂನಿನ 501 ಸಿ 3 ಲೆಕ್ಕದಲ್ಲಿ ಬರೋ ಸಂಸ್ಥೆಗಳು, ಕೊಟ್ಟವ್ರಿಗೆ ಟ್ಯಾಕ್ಸ್ ವಿನಾಯಿತಿ ಇರುತ್ತೆ, ಲಾಬಿಗೆ ಖರ್ಚು ಮಾಡೋಕೆ ಬಿಗಿ ಮಿತಿ ಇದೆ, ಮೀರಿದ್ರೆ ಆ ವಿನಾಯಿತಿಗೇ ಕುತ್ತು. ಅದಕ್ಕೆ 501 ಸಿ 4 ಅಂತ ಬೇರೆ ಸಂಸ್ಥೆ ಮಾಡ್ಬೇಕು, ಅದು ಎಷ್ಟು ಬೇಕಾದ್ರೂ ಲಾಬಿ ಮಾಡ್ಬೋದು, ಆದ್ರೆ ಕೊಟ್ಟ ದುಡ್ಡಿಗೆ ವಿನಾಯಿತಿ ಇಲ್ಲ. ಮಾಡಿದ್ವಿ. ತೆಲುಗಿನವ್ರು, ತಮಿಳಿನವ್ರು, ಗುಜರಾತಿಗಳು ಎಲ್ಲ ಸೇರಿದ್ರು, ಸುಮಾರು ಇನ್ನೂರು ಮನೆ. ತಿಂಗಳಿಗೆ 50 ಡಾಲರ್, 100 ಡಾಲರ್ ಅಂತ.

ಆಮೇಲೆ ಕಂಪನಿ ಹುಡುಕೋ ಕೆಲಸ. ಮೂರು ಕಡೆ ಮಾತಾಡಿದ್ವಿ. ಒಂದು ದೊಡ್ಡ ಲಾ ಫರ್ಮು, ತಿಂಗಳಿಗೆ ಅವ್ರು ಕೇಳಿದ್ದು ಕೇಳೇ ಎದ್ದು ಬಂದ್ವಿ. ಇನ್ನೊಂದು ಒಬ್ಬರೇ ನಡೆಸೋ ಆಫೀಸು. ಮೂರನೇದು, ಕೊನೆಗೆ ನಾವು ಹಿಡಿದದ್ದು, ಕಾಂಗ್ರೆಸ್‌ನ ಇಬ್ರು ಮಾಜಿ ಸದಸ್ಯರು ಸೇರಿ ಕಟ್ಟಿದ ಕಂಪನಿ, ಹೆಸರು ಇಲ್ಲಿ ಬರೆಯಲ್ಲ. (ಇಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಟಿ ಅಂತ ಅಂದ್ಕೋಬೇಡಿ, ಇಡೀ ಪಾರ್ಲಿಮೆಂಟಿಗೇ ಆ ಹೆಸ್ರು, ಹೌಸ್ ನಮ್ಮ ಲೋಕಸಭೆ ಥರ, ಸೆನೆಟ್ ಮೇಲ್ಮನೆ.) ಒಬ್ರು ರಿಪಬ್ಲಿಕನ್, ಒಬ್ರು ಡೆಮಾಕ್ರಾಟ್, ಇಬ್ರೂ ಹೌಸ್‌ನಲ್ಲಿ ಬಹಳ ವರ್ಷ ಇದ್ದವ್ರು. ಯಾವ ಪಾರ್ಟಿ ಗೆದ್ರೂ ಒಂದು ಬಾಗಿಲು ತೆರೆದಿರ್ಬೇಕು ಅನ್ನೋದು ಲೆಕ್ಕ. ಇದು ಅಲ್ಲಿ ಮಾಮೂಲಿ ಅಂತ ಆಮೇಲೆ ಗೊತ್ತಾಯ್ತು. ಲೂಸಿಯಾನಾದ ಡೆಮಾಕ್ರಾಟ್ ಜಾನ್ ಬ್ರೋ, ಮಿಸಿಸಿಪ್ಪಿಯ ರಿಪಬ್ಲಿಕನ್ ಟ್ರೆಂಟ್ ಲಾಟ್ ಇಬ್ರೂ ಮಾಜಿ ಸೆನೆಟರ್‌ಗಳು, 2008ರಲ್ಲಿ ಇಬ್ರ ಹೆಸರನ್ನೂ ಸೇರಿಸಿ ಕಂಪನಿ ತೆರೆದ್ರು, 2010ರಲ್ಲಿ ಅದನ್ನ ಪ್ಯಾಟನ್ ಬಾಗ್ಸ್ ಅನ್ನೋ ದೊಡ್ಡ ಫರ್ಮ್ ತಗೊಳ್ತು. ಹೌಸ್‌ನಲ್ಲಿ ಸರ್ಕಾರದ ಖರ್ಚಿಗೆ ದುಡ್ಡು ಮಂಜೂರು ಮಾಡೋ ಅಪ್ರೋಪ್ರಿಯೇಷನ್ಸ್ ಕಮಿಟಿ ಅಧ್ಯಕ್ಷರಾಗಿದ್ದ ಬಾಬ್ ಲಿವಿಂಗ್‌ಸ್ಟನ್ 1999ರಲ್ಲಿ ಹುದ್ದೆ ಬಿಟ್ಟು ಅದೇ ವರ್ಷ ತಮ್ಮ ಹೆಸರಲ್ಲೇ ಕಂಪನಿ ಶುರು ಮಾಡಿದ್ರು.

ಹಾಗಂತ ನಿನ್ನೆ ಸದಸ್ಯರಾಗಿದ್ದವ್ರು ಇವತ್ತೇ ಹೋಗಿ ಹಳೇ ಸ್ನೇಹಿತರ ಹತ್ರ ಲಾಬಿ ಮಾಡಂಗಿಲ್ಲ. ಹೌಸ್‌ನವ್ರಿಗೆ ಒಂದು ವರ್ಷ, ಸೆನೆಟ್‌ನವ್ರಿಗೆ ಎರಡು ವರ್ಷ ತಡೆ ಇದೆ, ಕೂಲಿಂಗ್ ಆಫ್ ಅಂತಾರೆ. ಸೆನೆಟ್‌ಗೆ ಎರಡು ವರ್ಷ ಆಗಿದ್ದು 2007ರ ಕಾನೂನಿಂದ. ನಮ್ಮ ಕಂಪನಿಗೆ ಆಗಷ್ಟೇ ಸೇರಿದ್ದ ಮೂರನೇ ಮಾಜಿ ಸದಸ್ಯರೊಬ್ರು ಈ ತಡೆಯಲ್ಲಿದ್ರು. ಅವ್ರು ಯಾರಿಗೂ ಫೋನ್ ಮಾಡ್ತಿರ್ಲಿಲ್ಲ, ಯಾರ ಆಫೀಸಿಗೂ ಬರ್ತಿರ್ಲಿಲ್ಲ, ಆದ್ರೆ ನಮ್ಮ ಮೀಟಿಂಗಲ್ಲಿ ಕೂತು "ಆ ಸದಸ್ಯರ ಹತ್ರ ನೀವು ಕೆಲಸ ಮಾಡೋ ಕಂಪನಿ ವಿಷಯ ತೆಗೀಬೇಡಿ, ಆಸ್ಪತ್ರೆ ಡಾಕ್ಟರ್‌ಗಳ ವಿಷಯ ತೆಗೀರಿ, ಅವ್ರ ಕ್ಷೇತ್ರದಲ್ಲಿ ಡಾಕ್ಟರ್ ಇಲ್ಲ" ಅಂತ ಒಂದೊಂದಾಗಿ ಹೇಳಿಕೊಡ್ತಿದ್ರು. ಹಿಂದೆ ಕೂತು ಸಲಹೆ ಕೊಡೋಕೆ ಕಾನೂನು ಅಡ್ಡ ಬರಲ್ಲ. ನಿಜ ಹೇಳ್ಬೇಕಂದ್ರೆ ಇಡೀ ಎರಡು ವರ್ಷದಲ್ಲಿ ನಮಗೆ ಸಿಕ್ಕ ಅತ್ಯುತ್ತಮ ಸಲಹೆ ಅವ್ರದ್ದೇ.

ತಿಂಗಳಿಗೆ 12,000 ಡಾಲರ್, ನಿಲ್ಲಿಸ್ಬೇಕಂದ್ರೆ 60 ದಿನ ಮುಂಚೆ ನೋಟಿಸು, ಹೀಗೆ ಒಪ್ಪಂದ. ಸಹಿ ಹಾಕೋಕೆ ಮುಂಚೆ ಅವ್ರ ಲಾಯರ್ ಒಂದು ತಾಸು ಪ್ರಶ್ನೆ ಕೇಳಿದ್ರು. ದುಡ್ಡು ಎಲ್ಲಿಂದ ಬರುತ್ತೆ, ಭಾರತ ಸರ್ಕಾರದ್ದೋ ಭಾರತದ ಯಾವುದಾದ್ರೂ ಕಂಪನಿದ್ದೋ ಒಂದು ರೂಪಾಯಿ ಇದ್ಯಾ, ಯಾರಾದ್ರೂ ಹೊರದೇಶದಿಂದ ಹೇಳಿ ಮಾಡಿಸ್ತಿದಾರಾ ಅಂತ. ಹಾಗೇನಾದ್ರೂ ಇದ್ರೆ 1938ರ ವಿದೇಶಿ ಏಜೆಂಟ್ ಕಾಯ್ದೆ ಕೆಳಗೆ ರಿಜಿಸ್ಟರ್ ಆಗ್ಬೇಕಾಗ್ಬೋದು, ಅದು ಬೇರೇನೇ ದಾರಿ. ನಮ್ಮ ಒಬ್ಬ ಹುಡುಗನ ಮಾವ ಜಯನಗರದಿಂದ ಪ್ರೀತಿಯಿಂದ ಒಂದು ಲಕ್ಷ ಕಳಿಸ್ತೀನಿ ಅಂದಿದ್ರು, ಬೇಡ ಅಂತ ಕೈ ಮುಗಿದ್ವಿ.

ರಿಜಿಸ್ಟ್ರೇಷನ್ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ನಮ್ಮವ್ರು ಹೆಚ್ಚು ಹೆದರಿದ್ದು ಇಲ್ಲೇ. ಕೆಲಸ ಹಿಡಿದ 45 ದಿನದೊಳಗೆ ಲಾಬಿ ಕಂಪನಿ ಎಲ್‌ಡಿ-1 ಅನ್ನೋ ಫಾರಂ ಹಾಕ್ಬೇಕು, ಹೌಸ್‌ನ ಕ್ಲರ್ಕ್ ಹತ್ರ ಮತ್ತು ಸೆನೆಟ್‌ನ ಸೆಕ್ರೆಟರಿ ಹತ್ರ. ಕ್ಲೈಂಟ್ ಯಾರು, ಯಾವ ವಿಷಯ, ಯಾರ್ಯಾರು ಲಾಬಿ ಮಾಡ್ತಾರೆ, ಅವ್ರು ಹಿಂದಿನ 20 ವರ್ಷದಲ್ಲಿ ಸರ್ಕಾರದ ಯಾವ ಹುದ್ದೇಲಿದ್ರು, ಎಲ್ಲ ಬರೀಬೇಕು. ಮೂರು ತಿಂಗಳಿಗೊಮ್ಮೆ ಎಲ್‌ಡಿ-2, ಎಷ್ಟು ದುಡ್ಡು ಬಂತು ಅಂತ. ಯಾರು ಬೇಕಾದ್ರೂ ತೆಗೆದು ನೋಡ್ಬೋದು. ಮೊದಲ ವರದಿ ಬಂದಾಗ ನಾನು ರಾತ್ರಿ ಕೂತು ತೆಗೆದು ನೋಡ್ದೆ, ನಾವು ಕೊಟ್ಟಿದ್ದು 36,000, ಅಲ್ಲಿ ಇದ್ದಿದ್ದು 40,000. ಎದೆ ಧಸಕ್ ಅಂತು, ಬೆಳಿಗ್ಗೆ ಎದ್ದು ಫೋನ್ ಮಾಡಿದ್ರೆ ಹತ್ತಿರದ ಹತ್ತು ಸಾವಿರಕ್ಕೆ ಸರಿಮಾಡಿ ಬರೀಬೇಕು ಅಂತ ನಿಯಮವೇ ಇದೆಯಂತೆ. ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿರೋ ಹುಡುಗ್ರು "ನಮ್ಮ ಹೆಸ್ರು ಸರ್ಕಾರದ ಕಡತದಲ್ಲಿ ಬಂದ್ರೆ ವೀಸಾ ಸ್ಟ್ಯಾಂಪಿಂಗ್‌ಗೆ ಹೋದಾಗ ತೊಂದ್ರೆ ಆಗುತ್ತಾ ಅಣ್ಣ" ಅಂತ ಕೇಳ್ತಿದ್ರು. ದೇಣಿಗೆ ಕೊಟ್ಟ ಒಬ್ಬೊಬ್ರ ಹೆಸರು ಅಲ್ಲಿ ಬರಲ್ಲ, ಸಂಸ್ಥೆ ಹೆಸ್ರು ಬರುತ್ತೆ. ಸರ್ಕಾರದ ಹತ್ರ ಹೋಗಿ ನಮ್ಮ ಕುಂದುಕೊರತೆ ಹೇಳ್ಕೊಳ್ಳೋ ಹಕ್ಕು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ, ಇಲ್ಲಿ ಬದುಕ್ತಿರೋ ವೀಸಾದವ್ರೂ ಹೋಗಿ ಹೇಳ್ಕೋಬೋದು. ಆದ್ರೆ ಚುನಾವಣೆಗೆ ದೇಣಿಗೆ ಕೊಡಂಗಿಲ್ಲ, ಅದು ಅಪರಾಧ. ಗ್ರೀನ್ ಕಾರ್ಡ್ ಬಂದವ್ರು, ಸಿಟಿಜನ್ ಆದವ್ರು ಮಾತ್ರ ಕೊಡ್ಬೋದು.

ಇದನ್ನ ನಾನು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ಎರಡನೇ ತಿಂಗಳಲ್ಲೇ ಕಂಪನಿಯವ್ರು ಒಬ್ಬ ಸದಸ್ಯರ ಫಂಡ್‌ರೈಸರ್ (ಚುನಾವಣೆಗೆ ದುಡ್ಡು ಎತ್ತೋ) ಬ್ರೇಕ್‌ಫಾಸ್ಟ್ ಇದೆ, ನಿಮ್ಮಿಂದ ನಾಲ್ಕು ಜನ ಬಂದ್ರೆ ಒಳ್ಳೇದು ಅಂದ್ರು. ಆಗ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ 2,800 ಡಾಲರ್ ತನಕ ಕೊಡ್ಬೋದಿತ್ತು. ಕ್ಯೂನಲ್ಲಿ ನಿಂತಿರೋವ್ರೆಲ್ಲ ವೀಸಾದವ್ರು, ಕೊಡೋಕೇ ಆಗಲ್ಲ, ಕೊಡ್ಬೋದಾದ ಅಣ್ಣಾರ್‌ಗೆ ಕ್ಯೂನ ಕಷ್ಟ ಇಲ್ಲ. ಅವ್ರು ತಮ್ಮ ಕೈಯಿಂದ ಚೆಕ್ ಬರೆದು ಹೋಗಿ ಬಂದ್ರು. ಬಂದು "ಮೂವತ್ತು ಮಂದಿ ಇದ್ರು, ನನ್ನ ಕಡೆ ಎರಡು ನಿಮಿಷ ತಿರಗಿ ಮಾತಾಡಿದ್ರು, ಆದ್ರ ಹೆಸರು ನೆನಪಿಟ್ಕೊಂಡ್ರು ನೋಡ" ಅಂದ್ರು. ಅದೇ ಸದಸ್ಯರ ಆಫೀಸಿಗೆ ನಾವು ಅದಕ್ಕೂ ಮುಂಚೆ ಆರು ವಾರದಿಂದ ಇಮೇಲ್ ಹಾಕ್ತಿದ್ವಿ, ಉತ್ತರ ಬಂದಿರ್ಲಿಲ್ಲ. ಬ್ರೇಕ್‌ಫಾಸ್ಟ್ ಆದ ವಾರದಲ್ಲೇ ಅಪಾಯಿಂಟ್‌ಮೆಂಟ್ ಬಂತು. ಇದ್ರಲ್ಲಿ ಕಾನೂನು ಮುರಿದದ್ದು ಎಲ್ಲೂ ಇಲ್ಲ, ಎಲ್ಲ ಚೆಕ್ಕಿಗೂ ಲೆಕ್ಕ ಇದೆ. ಆದ್ರೂ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಹಿಲ್ ಡೇ ಅಂದ್ರೆ ನಾವೇ ಹೋಗಿ ಸದಸ್ಯರನ್ನ ಕಾಣೋ ದಿನ. ಏಪ್ರಿಲ್‌ನಲ್ಲಿ ಇಟ್ಕೊಂಡ್ವಿ, 32 ಜನ, ಮೂರು ವ್ಯಾನು. ಹಿಂದಿನ ದಿನ ಕಂಪನಿ ಆಫೀಸಲ್ಲಿ ಪ್ರಾಕ್ಟೀಸು. ನಾವು ಇಂಜಿನಿಯರ್‌ಗಳು, 24 ಪುಟದ ಸ್ಲೈಡ್ ಮಾಡ್ಕೊಂಡು ಹೋಗಿದ್ವಿ, ಗ್ರಾಫು ಅಂಕಿಅಂಶ ಎಲ್ಲ. ಮಾಜಿ ಸದಸ್ಯರು ಅದನ್ನ ನೋಡಿ ಪಕ್ಕಕ್ಕಿಟ್ರು. ಒಂದೇ ಹಾಳೆ, ಒಂದು ಕಥೆ, ಒಂದು ಬೇಡಿಕೆ, ಬೇಡಿಕೆ ಏನು ಅಂದ್ರೆ "ಎಚ್.ಆರ್. 1044ಕ್ಕೆ ಕೋ-ಸ್ಪಾನ್ಸರ್ ಆಗಿ", ಅಷ್ಟೇ. ಆ 7 ಪರ್ಸೆಂಟ್ ಮಿತಿ ತೆಗೆಯೋಕೆ ಹೌಸ್‌ನಲ್ಲಿದ್ದ ಮಸೂದೆ ಅದು, ಕೋ-ಸ್ಪಾನ್ಸರ್ ಅಂದ್ರೆ ಅದಕ್ಕೆ ತಮ್ಮ ಹೆಸರು ಸೇರಿಸಿ ಬೆಂಬಲ ಕೊಡೋ ಸದಸ್ಯರು. "ಯೋಚ್ನೆ ಮಾಡ್ತೀವಿ" ಅಂದ್ರೆ "ಯಾವಾಗ ಮತ್ತೆ ಕೇಳ್ಲಿ" ಅಂತ ಕೇಳಿ ಬರ್ಬೇಕು, ಥ್ಯಾಂಕ್ಯೂ ಹೇಳಿ ಎದ್ದು ಬರಂಗಿಲ್ಲ. ಅಕ್ಕಾವ್ರೊಬ್ರು ರಾತ್ರಿಯೆಲ್ಲ ಕೂತು ಮಾಡಿದ ಮೈಸೂರು ಪಾಕಿನ ಡಬ್ಬಿಗಳನ್ನ ತಂದಿದ್ರು, ಒಂದೊಂದು ಆಫೀಸಿಗೆ ಒಂದೊಂದು ಅಂತ. ಲಾಬಿಯಿಸ್ಟ್ ಇಟ್ಕೊಂಡ ಸಂಸ್ಥೆ ಉಡುಗೊರೆ ಕೊಡಂಗಿಲ್ಲ, ಇಲ್ಲೇ ಬಿಟ್ಟು ಬನ್ನಿ ಅಂದ್ರು. ಲಾಂಗ್‌ವರ್ತ್ ಕಟ್ಟಡದ ಕೆಫೆಟೇರಿಯಾದಲ್ಲಿ ಮಧ್ಯಾಹ್ನ ನಾವೇ ಹಂಚ್ಕೊಂಡ್ವಿ. ಅಕ್ಕಾವ್ರ ಮುಖ ಸಣ್ಣದಾಗಿತ್ತು ಪಾಪ.

ಹೌಸ್‌ನ ಆಫೀಸುಗಳು ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಅಂತ ಮೂರು ದೊಡ್ಡ ಕಟ್ಟಡದಲ್ಲಿವೆ. ಉದ್ದುದ್ದ ಕಾರಿಡಾರು, ಅಮೃತಶಿಲೆ ನೆಲ, ಪ್ರತಿ ಬಾಗಿಲ ಪಕ್ಕ ಆ ರಾಜ್ಯದ ಬಾವುಟ. ಯಾರು ಬೇಕಾದ್ರೂ ಬ್ಯಾಗ್ ಚೆಕ್ ಮಾಡಿಸ್ಕೊಂಡು ಒಳಗೆ ಹೋಗ್ಬೋದು, ಪಾಸು ಬೇಡ. ವಿಧಾನಸೌಧದ ಒಳಗೆ ಹೋಗೋಕೆ ನಮ್ಮಪ್ಪ ಒಂದ್ಸಲ ಎಷ್ಟು ಹೊತ್ತು ಗೇಟ್ ಹತ್ರ ನಿಂತಿದ್ರು ಅಂತ ನೆನಪಾಯ್ತು. ನಮ್ಮ ಜೊತೆ ಬಂದ ಮಾಜಿ ಸದಸ್ಯರಿಗೆ ಸುಮಾರು ಎಪ್ಪತ್ತು ವಯಸ್ಸು, ಸೆಕ್ಯುರಿಟಿಯವ್ರು ಅವ್ರನ್ನ ಈಗ್ಲೂ "ಕಾಂಗ್ರೆಸ್‌ಮನ್" ಅಂತಾನೇ ಕರೀತಿದ್ರು, ಅವ್ರು ಒಬ್ಬೊಬ್ರ ಮಕ್ಕಳ ಹೆಸರು ಹಿಡಿದು ವಿಚಾರಿಸ್ತಿದ್ರು.

ನಮ್ಮನ್ನ ಕೂರಿಸಿ ಮಾತಾಡ್ಸಿದ್ದು ಬಹುತೇಕ 23, 24 ವಯಸ್ಸಿನ ಲೆಜಿಸ್ಲೇಟಿವ್ ಅಸಿಸ್ಟೆಂಟ್‌ಗಳು, ಮಸೂದೆಗಳ ಕೆಲಸ ನೋಡ್ಕೊಳ್ಳೋ ಸದಸ್ಯರ ಸಿಬ್ಬಂದಿ. ಹದಿನೈದು ನಿಮಿಷ. ಬೆಳಿಗ್ಗೆ ಮೊದಲ ಎರಡು ಮೀಟಿಂಗು ಸಪ್ಪೆ. ಮೂರನೇದ್ರಲ್ಲಿ ನಮ್ಮ ಸ್ನೇಹಿತರ ಮಗಳು ಮಾತಾಡಿದ್ಲು. 19 ವರ್ಷ, ಮೂರು ವರ್ಷದವಳಿದ್ದಾಗ ದಾವಣಗೆರೆಯಿಂದ ಬಂದವಳು, ಬಯಾಲಜಿ ಓದ್ತಿದ್ಲು. ಹಾಳೆ ನೋಡ್ಲಿಲ್ಲ. "ನಾನು ನಿಮ್ಮ ಸದಸ್ಯರ ಕ್ಷೇತ್ರದ ಸ್ಕೂಲಲ್ಲಿ ಒಂದನೇ ಕ್ಲಾಸಿಂದ ಓದಿದೀನಿ, ಇನ್ನೊಂದೂವರೆ ವರ್ಷಕ್ಕೆ ನನ್ನ ತಮ್ಮ ಈ ಮನೇಲಿ ಇರ್ಬೋದು, ನಾನು ಇರ್ಬೋದೋ ಇಲ್ವೋ ಗೊತ್ತಿಲ್ಲ, ಅವ್ನು ಇಲ್ಲಿ ಹುಟ್ಟಿದಾನೆ" ಅಂದ್ಲು. ಅಸಿಸ್ಟೆಂಟ್ ಹುಡುಗಿ ಬರೀತಿದ್ದ ಪೆನ್ನು ಕೆಳಗಿಟ್ಲು. "ಇದು ನಂಗೆ ಗೊತ್ತೇ ಇರ್ಲಿಲ್ಲ, ಮಕ್ಕಳಿಗೂ ಹೀಗಾಗುತ್ತಾ" ಅಂತ ಮತ್ತೆ ಮತ್ತೆ ಕೇಳಿದ್ಲು, ಒಳಗೆ ಹೋಗಿ ಸದಸ್ಯರನ್ನೇ ಕರ್ಕೊಂಡು ಬಂದ್ಲು. ಸದಸ್ಯರು ನಿಂತೇ ಕೇಳಿಸ್ಕೊಳ್ತಿದ್ರು, ಅಷ್ಟರಲ್ಲಿ ಗೋಡೆ ಗಡಿಯಾರದ ದೀಪ ಹತ್ತಿ ಬೆಲ್ ಹೊಡೀತು, ವೋಟಿಂಗ್ ಇದೆ ಅಂತ. ಅವ್ರು ಕ್ಷಮೆ ಕೇಳಿ ಹೊರಟ್ರು, ನಮ್ಮ ಮಾಜಿ ಸದಸ್ಯರು ಅವ್ರ ಜೊತೇಲೇ ಹೆಜ್ಜೆ ಹಾಕಿದ್ರು. ರೇಬರ್ನ್‌ನಿಂದ ಸದನ ಇರೋ ಕ್ಯಾಪಿಟಲ್ ಕಟ್ಟಡಕ್ಕೆ ನೆಲದಡಿಯಲ್ಲಿ ಪುಟ್ಟ ರೈಲಿದೆ, ಅದ್ರಲ್ಲಿ ಇಬ್ರೂ ಹೋದ್ರಂತೆ. ಮಾಜಿ ಸದಸ್ಯರು ಸಾಮಾನ್ಯವಾಗಿ ಸದನದ ಒಳಗೂ ಹೋಗ್ಬೋದು, ಆದ್ರೆ ಲಾಬಿಯಿಸ್ಟ್ ಅಂತ ರಿಜಿಸ್ಟರ್ ಆದವ್ರಿಗೆ ಆ ಹಕ್ಕಿಲ್ಲ. ಅಲ್ಲಿ ತನಕ ಹೋಗಿ ಬಾಗಿಲ ಹೊರಗೆ ನಿಂತು ವಾಪಸ್ ಬಂದು "ಸಹಿ ಹಾಕ್ತಾರೆ" ಅಂದ್ರು. ಹತ್ತು ದಿನಕ್ಕೆ ಕೋ-ಸ್ಪಾನ್ಸರ್ ಪಟ್ಟಿಯಲ್ಲಿ ಹೆಸರು ಬಂತು.

ಬಾಗಿಲ ತನಕ ಕರ್ಕೊಂಡು ಹೋಗಿದ್ದು ಆ ಮನುಷ್ಯ, ಪೆನ್ನು ಕೆಳಗಿಡಿಸಿದ್ದು ಈ ಹುಡುಗಿ. ಯಾರಿಂದ ಆಯ್ತು ಅಂತ ನಾವು ಬಹಳ ಸಲ ಮಾತಾಡ್ಕೊಂಡಿದೀವಿ. ಅವಳೊಬ್ಬಳೇ ಹೋಗಿದ್ರೆ ರಿಸೆಪ್ಷನ್‌ನಲ್ಲಿ ಹಾಳೆ ಇಸ್ಕೊಂಡು ಕಳಿಸ್ತಿದ್ರು ಅನ್ನೋದು ನನ್ನ ನಂಬಿಕೆ, ಅಣ್ಣಾರ್ ಒಪ್ಪಲ್ಲ.

2019ರ ಜುಲೈ 10, ಬುಧವಾರ. ಹೌಸ್‌ನಲ್ಲಿ ನಮ್ಮ ಮಸೂದೆ ವೋಟಿಗೆ ಬಂತು. ಆಫೀಸಲ್ಲಿ ಮೀಟಿಂಗ್ ಮಧ್ಯೆ ಫೋನಲ್ಲಿ ಕಲಾಪ ತೋರಿಸೋ ಸಿ-ಸ್ಪ್ಯಾನ್ ಚಾನೆಲ್ ಹಾಕ್ಕೊಂಡಿದ್ದೆ. ಮೂರನೇ ಎರಡು ಭಾಗ ಬೇಕಿತ್ತು, 365ಕ್ಕೆ 65ರಲ್ಲಿ ಪಾಸಾಯ್ತು. ಬಾತ್‌ರೂಮಿಗೆ ಹೋಗಿ ಅತ್ತೆ. ಮನೆಗೆ ಬಂದ್ರೆ ಹೆಂಡ್ತಿ ಪಾಯಸ ಮಾಡಿದ್ಲು. ಇದು ನಮ್ಮೊಬ್ರಿಂದ ಆಗಿದ್ದಲ್ಲ, ದೇಶದ ಉದ್ದಗಲಕ್ಕೆ ಎಷ್ಟೋ ಗುಂಪುಗಳು ವರ್ಷಗಟ್ಲೆ ಅಲೆದಿದ್ವು, ಕೋ-ಸ್ಪಾನ್ಸರ್‌ಗಳೇ 300ಕ್ಕೂ ಹೆಚ್ಚಿದ್ರು.

ಸೆನೆಟ್‌ನಲ್ಲಿ ಇದೇ ಥರದ ಮಸೂದೆ ಎಸ್. 386. ಅಲ್ಲಿ ಲೆಕ್ಕವೇ ಬೇರೆ. ಚರ್ಚೆ ಇಲ್ದೆ ಸರ್ವಾನುಮತದಿಂದ ಪಾಸು ಮಾಡಿಸ್ಬೇಕಂದ್ರೆ ನೂರರಲ್ಲಿ ಒಬ್ರು ಎದ್ದು "ಆಕ್ಷೇಪಣೆ ಇದೆ" ಅಂದ್ರೂ ಮುಗೀತು. 2019ರ ಸೆಪ್ಟೆಂಬರ್‌ನಲ್ಲಿ ಒಬ್ರು ರಿಪಬ್ಲಿಕನ್ ಅಂದ್ರು, ಅಕ್ಟೋಬರ್‌ನಲ್ಲಿ ಒಬ್ರು ಡೆಮಾಕ್ರಾಟ್. ಅವ್ರ ಮಾತಲ್ಲೂ ಹುರುಳಿತ್ತು ಅಂತ ಒಪ್ಕೋಬೇಕು, ಒಟ್ಟು ಸಂಖ್ಯೆ ಹೆಚ್ಚಿಸ್ದೆ ಬರೀ ಮಿತಿ ತೆಗೆದ್ರೆ ಬೇರೆ ದೇಶದವ್ರು ಹಿಂದೆ ಬೀಳ್ತಾರೆ, ನರ್ಸ್‌ಗಳು, ಇರಾನಿನವ್ರು ಎಲ್ಲ ಅದನ್ನೇ ಹೇಳ್ತಿದ್ರು. ಅವ್ರೂ ನಮ್ಮ ಥರ ಹಾಳೆ ಹಿಡ್ಕೊಂಡು ಅದೇ ಕಾರಿಡಾರಲ್ಲಿ ಕಾಯ್ತಿದ್ರು, ಕಣ್ಣಾರೆ ನೋಡಿದೀನಿ.

ನಮ್ಮ ಕಂಪನಿ ಎಡವಿದ್ದು ಇಲ್ಲಿ. ಇಬ್ರೂ ಹೌಸ್‌ನವ್ರು, ಸೆನೆಟ್‌ನಲ್ಲಿ ಅವ್ರಿಗೆ ಅಂಥ ಹಿಡಿತ ಇರ್ಲಿಲ್ಲ, ಅದನ್ನ ಮೊದ್ಲೇ ಹೇಳ್ಬೋದಿತ್ತು. ಹೇಳ್ಲಿಲ್ಲ, ಬದ್ಲಿಗೆ ಸೆನೆಟ್ ಕೆಲಸಕ್ಕೆ ತಿಂಗಳಿಗೆ 15,000 ಮಾಡಿ ಅಂದ್ರು. ವಾರದ ವರದಿಯಲ್ಲಿ ಹಿಂದಿನ ವಾರದ ಸಾಲುಗಳೇ ಬರೋಕೆ ಶುರುವಾಯ್ತು, ತಾರೀಖು ಮಾತ್ರ ಬೇರೆ. ದೊಡ್ಡವ್ರು ಫೋನಿಗೆ ಸಿಗ್ತಿರ್ಲಿಲ್ಲ, ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಎತ್ತಿ "ಫಾಲೋ ಅಪ್ ಮಾಡ್ತಿದೀವಿ" ಅಂತಿದ್ದ. 50 ಡಾಲರ್ ಕೊಡೋ ಮನೆಯವ್ರು ನನ್ನನ್ನ ಕೇಳ್ತಿದ್ರು, ನಾನೇನು ಹೇಳ್ಲಿ. ಕೋವಿಡ್ ಬಂತು, ನಮ್ಮ ಗುಂಪಲ್ಲಿ ಇಬ್ರ ಕೆಲಸ ಹೋಯ್ತು, ಎಚ್-1ಬಿಯಲ್ಲಿ ಕೆಲಸ ಹೋದ್ರೆ ಇಲ್ಲಿ ಉಳಿಯೋಕೆ ಹೆಚ್ಚಂದ್ರೆ 60 ದಿನ, ಅಂಥ ಹೊತ್ತಲ್ಲಿ ಯಾರ ಹತ್ರ ದುಡ್ಡು ಕೇಳೋದು. 2020ರ ಬೇಸಿಗೆಯಲ್ಲಿ ನೋಟಿಸ್ ಕೊಟ್ಟು ಒಪ್ಪಂದ ಮುಗಿಸಿದ್ವಿ. ಕೊನೇ ಎಲ್‌ಡಿ-2ನಲ್ಲಿ ಟರ್ಮಿನೇಷನ್ ಅಂತ ಗುರುತು ಹಾಕಿದಾರೆ, ಈಗ್ಲೂ ತೆಗೆದ್ರೆ ಕಾಣುತ್ತೆ.

ಡಿಸೆಂಬರ್ 2, 2020ಕ್ಕೆ ಎಸ್. 386 ಸೆನೆಟ್‌ನಲ್ಲಿ ಪಾಸಾಯ್ತು, ಯಾರೂ ಆಕ್ಷೇಪಿಸ್ಲಿಲ್ಲ. ಆದ್ರೆ ಅಷ್ಟೊತ್ತಿಗೆ ತಿದ್ದುಪಡಿ ಮೇಲೆ ತಿದ್ದುಪಡಿ ಆಗಿ ಹೌಸ್ ಪಾಸು ಮಾಡಿದ್ದಕ್ಕೂ ಇದಕ್ಕೂ ಹೊಂದಾಣಿಕೆ ಇರ್ಲಿಲ್ಲ, ಎರಡನ್ನೂ ಒಂದು ಮಾಡ್ಬೇಕು, ಉಳಿದಿದ್ದು ಒಂದು ತಿಂಗಳು. ಆಗ್ಲಿಲ್ಲ. ಜನವರಿ 3ಕ್ಕೆ ಆ ಕಾಂಗ್ರೆಸ್ ಮುಗೀತು, ಅದ್ರ ಜೊತೆ ಮಸೂದೆನೂ. ಮುಂದಿನ ಕಾಂಗ್ರೆಸ್‌ನಲ್ಲಿ ಹೊಸ ನಂಬರ್ ಹಾಕಿ ಮೊದಲಿಂದ ಶುರು ಮಾಡ್ಬೇಕು, ಎರಡೂ ಸದನದಲ್ಲಿ ಪಾಸಾಗಿದ್ದು ಲೆಕ್ಕಕ್ಕಿಲ್ಲ.

ಆ ಹುಡುಗಿಗೆ ಅದೇ ನವೆಂಬರ್‌ನಲ್ಲಿ 21 ತುಂಬಿತ್ತು, ಸೆನೆಟ್ ಪಾಸು ಮಾಡೋಕೆ ಎರಡು ವಾರ ಮುಂಚೆ. ಎಫ್-1 ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸ್ಕೊಂಡ್ಲು, 18 ವರ್ಷ ಇದ್ದ ಊರಲ್ಲಿ ವಿದೇಶಿ ವಿದ್ಯಾರ್ಥಿ ಅಂತ. ಜನವರಿ ಕೊನೇಲಿ ಅವಳೇ ಫೋನ್ ಮಾಡಿದ್ಲು. ಅವತ್ತು ಪೆನ್ನು ಕೆಳಗಿಟ್ಟ ಅಸಿಸ್ಟೆಂಟ್ ಜೊತೆ ಇಷ್ಟು ದಿನ ಇಮೇಲಲ್ಲಿ ಮಾತಾಡ್ತಾನೇ ಇದ್ಲಂತೆ, ನಮ್ಮ ಯಾರ ಮೂಲಕನೂ ಅಲ್ಲ, ಕಂಪನಿ ಮೂಲಕನೂ ಅಲ್ಲ. "ಅಂಕಲ್, ಮಕ್ಕಳ ವಿಷಯ ಮಾತ್ರ ಬೇರೆ ಮಾಡಿ ಒಂದು ಬಿಲ್ ತರೋಕಾಗುತ್ತಾ ಅಂತ ಅವ್ರು ಕೇಳ್ತಿದಾರೆ, ಮುಂದಿನ ಗುರುವಾರ ಜೂಮ್ ಕಾಲ್ ಇದೆ, ನೀವೂ ಅಣ್ಣಾರೂ ಬರ್ತೀರಾ" ಅಂದ್ಲು. ಒಂದೇ ಹಾಳೆ ಆಗ್ಲೇ ಬರೆದು ಇಟ್ಟಿದ್ಲು.